ಧ್ವನಿಗೆ ಯಾವ ದಾರಿ?

ವಿಜಯಪುರದವರಿಗೆ ಧ್ವನಿಯ ವಿಷಯದಲ್ಲಿ ಪಾಠ ಹೇಳಹೊರಡುವುದು ಒಂದು ಬಗೆಯ ಸಾಹಸವೇ ಸರಿ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಹನ ಗೋರಿಯ ಮೇಲೆ ನಿಂತಿರುವ ಗೋಲಗುಮ್ಮಟವನ್ನು ಅವರು ಹುಟ್ಟಿದಂದಿನಿಂದ ಕಾಣುತ್ತ ಬಂದವರು. ಆ ಗುಮ್ಮಟದ ಒಳ ವ್ಯಾಸ ಸುಮಾರು 124 ಅಡಿ. ಮೇಲಿನ ಪಿಸುಮಾತಿನ ಮೊಗಸಾಲೆಯಲ್ಲಿ ಒಬ್ಬನು ಗೋಡೆಯತ್ತ ಮುಖಮಾಡಿ ಮೆಲ್ಲಗೆ ಆಡಿದ ಮಾತು ಎದುರು ಬದಿಯಲ್ಲಿ ಗೋಡೆಗೆ ಕಿವಿಗೊಟ್ಟು ಕುಳಿತವನಿಗೆ ಕೇಳಿಸುತ್ತದೆ. ಅದೇ ಮನುಷ್ಯ ನಡುಬಯಲಿಗೆ ಮುಖಮಾಡಿ ಕೂಗಿದನೆಂದರೆ, ಮರುದನಿಯ ಮೇಲೆ ಮರುದನಿ ಬಿದ್ದು, ಕೂಗಿದ್ದು ಯಾರ ಹೆಸರೆಂಬುದೇ ತಿಳಿಯದಂತಾಗುತ್ತದೆ. ಬಾಯಿ ಒಂದೇ, ಕಟ್ಟಡವೂ ಒಂದೇ. ಆದರೆ ಪಿಸುಮಾತು ಬಾಗಿದ ಗೋಡೆಯನ್ನು ತಬ್ಬಿಕೊಂಡು ಹೋಯಿತು, ಕೂಗು ಗುಮ್ಮಟದ ಹೊಟ್ಟೆಯೊಳಗೆ ಸಿಕ್ಕಿ ಹತ್ತು ಕಡೆಗೆ ಚೆದುರಿತು. ದಾರಿ ಬೇರೆಯಾದುದರಿಂದ ಫಲವೂ ಬೇರೆಯಾಯಿತು.

ಈಗ ಹೇಳಹೊರಟಿರುವುದು ಇಂಥದೇ ಒಂದು ದಾರಿಯ ವಿಚಾರ. ದಾರಿ ಮಾತ್ರ ಬಲು ಚಿಕ್ಕದು. ಡಿಸ್ಕ್ ಪ್ಲೇಯರಿನ ಬೆನ್ನಿನಿಂದ ಆಂಪ್ಲಿಫೈಯರಿನ ಬೆನ್ನಿಗೆ, ಹೆಚ್ಚೆಂದರೆ ಎರಡು ಮೊಳ. ಮನೆಯಲ್ಲಿ ‘ಹೋಮ್ ಥಿಯೇಟರ್’ ಇಟ್ಟುಕೊಂಡವರು ಸ್ಪೀಕರುಗಳ ಸಂಖ್ಯೆಯನ್ನು ಎಣಿಸುತ್ತಾರೆ, ಪೆಟ್ಟಿಗೆಯ ಮೇಲೆ ಬರೆದ ವ್ಯಾಟುಗಳನ್ನು ಲೆಕ್ಕ ಹಾಕುತ್ತಾರೆ. ಆ ಎರಡು ಮೊಳದ ತಂತಿಯನ್ನು ಮಾತ್ರ ಅಂಗಡಿಯ ಹುಡುಗ ಹೇಗೆ ಸಿಕ್ಕಿಸಿಹೋದನೋ ಹಾಗೆಯೇ ಬಿಟ್ಟುಬಿಡುತ್ತಾರೆ.

ಡಿಸ್ಕುಗಳ ಕಾಲ ಮುಗಿಯಿತಲ್ಲವೆ ಎಂದು ಕೇಳುವವರಿದ್ದಾರೆ. ಅದು ಅರ್ಧ ಸತ್ಯ. ಒಳ್ಳೆಯ ಪ್ಲೇಯರುಗಳಿಗೆ ಹೆಸರಾಗಿದ್ದ ಒಪ್ಪೋ ಡಿಜಿಟಲ್ 2018ರಲ್ಲಿ ಕೈಬಿಟ್ಟಿತು. ಮರುವರ್ಷ ಸ್ಯಾಮ್‌ಸಂಗ್ ಕೂಡ ಬ್ಲೂ-ರೇ ಪ್ಲೇಯರುಗಳಿಂದ ಹಿಂದೆ ಸರಿಯಿತು. ಆದರೆ ಮನೆಯಲ್ಲಿರುವ ಡಿಸ್ಕುಗಳು ಎಲ್ಲಿಗೆ ಹೋದಾವು? 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿಯು ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದಾಗ ಚಿತ್ರಗಳು ಕಿರಾಣಿ ಅಂಗಡಿಗೂ ಬಂದವು. ಮದುವೆ, ಸೀಮಂತ, ಜವಳದ ಡಿಸ್ಕುಗಳು ಟ್ರಂಕಿನಲ್ಲಿ ಪಾತಳದ ನಡುವೆ ಮಲಗಿವೆ. ತೀರಿಹೋದವರ ಮಾತು ಉಳಿದಿರುವುದು ಎಷ್ಟೋ ಮನೆಗಳಲ್ಲಿ ಅಂಥದೊಂದು ಡಿಸ್ಕಿನ ಮೇಲೆ ಮಾತ್ರ.

ಪ್ಲೇಯರಿನ ಬೆನ್ನನ್ನು ಒಮ್ಮೆ ತಿರುಗಿಸಿ ನೋಡೋಣ. ಕೆಂಪು ಮತ್ತು ಬಿಳಿಯ ಎರಡು ಗುಂಡನೆಯ ತೂತುಗಳು ಎಲ್ಲರಿಗೂ ಗೊತ್ತು. ಬಲ ಎಡಗಳ ಧ್ವನಿ ಅಲ್ಲಿಂದ ಹೊರಡುತ್ತದೆ. ಪಕ್ಕದಲ್ಲಿ ಹಸಿರು, ನೀಲಿಗಳ ಜೊತೆಗೆ ಇನ್ನೊಂದು ಕೆಂಪು ತೂತು ಇರುವುದುಂಟು. ಅದು ಚಿತ್ರದ್ದು, ಧ್ವನಿಯದಲ್ಲ. ಎರಡು ಕೆಂಪುಗಳಲ್ಲಿ ಕೈ ತಪ್ಪಿದರೆ ಬಲಗಡೆಯ ಸ್ಪೀಕರು ಮೂಗುಬ್ಬಸ ಬಂದವರಂತೆ ಗೊರಗುಟ್ಟುತ್ತದೆ. ಕೆಲವು ಪ್ಲೇಯರುಗಳಲ್ಲಿ ಧ್ವನಿಗೆಂದೇ ಆರು ತೂತುಗಳ ಸಾಲು ಇರುತ್ತದೆ: ಮುಂದಿನ ಎಡ, ಮುಂದಿನ ಬಲ, ನಡು, ಹಿಂದಿನ ಎರಡು, ಗುಡುಗಿನಂಥ ಕೆಳದನಿಗೆ ಒಂದು. ‘ಐದು ಪಾಯಿಂಟ್ ಒಂದು’ ಎಂಬ ಮಾತಿನ ಅರ್ಥ ಇಷ್ಟೆ. ಆ ಕೊನೆಯ ‘ಒಂದು’ ಕೆಳದನಿಯನ್ನಷ್ಟೇ ಹೊರುವುದರಿಂದ ಅದಕ್ಕೆ ಪೂರ್ಣ ಅಂಕದ ಗೌರವ ಸಿಕ್ಕಿಲ್ಲ. ಇನ್ನು ಒಂಟಿಯಾಗಿ ನಿಂತ ತೂತೊಂದು ಕೋಆಕ್ಸಿಯಲ್, ಚೌಕದ ಬಾಗಿಲೊಳಗೆ ಕೆಂಪು ಬೆಳಕು ಮಿನುಗುವುದು ಆಪ್ಟಿಕಲ್, ಚಪ್ಪಟೆ ಬಾಯಿಯದು ಎಚ್‌ಡಿಎಂಐ.

ಇಷ್ಟೊಂದು ಬಾಗಿಲು ಏಕೆ? ಡಿಸ್ಕಿನೊಳಗೆ ಧ್ವನಿ ಇರುವ ಬಗೆ ಒಂದೇ ಅಲ್ಲ, ಅದಕ್ಕೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಧ್ವನಿ ಬಿಚ್ಚಾಗಿಯೇ ಇದೆ. ಸೆಕೆಂಡಿಗೆ 44,100 ಸಲ ಅಳೆದು, ಎಡಕ್ಕೊಂದು ಬಲಕ್ಕೊಂದರಂತೆ ಬರೆದಿಟ್ಟ ಅಂಕಿಗಳು. ಇದಕ್ಕೆ ಪಿಸಿಎಂ ಎಂದು ಹೆಸರು. ಚಲನಚಿತ್ರದ ಆರು ಧಾರೆಗಳನ್ನು ಹೀಗೆಯೇ ಬರೆಯುತ್ತ ಹೋದರೆ ಡಿವಿಡಿಯಲ್ಲಿ ಚಿತ್ರಕ್ಕೆ ಸಾಕಷ್ಟು ಜಾಗ ಉಳಿಯದು. ಆದುದರಿಂದ ಕಿವಿಗೆ ಅಷ್ಟಾಗಿ ಹತ್ತದ ಭಾಗವನ್ನು ಬಿಟ್ಟು ಉಳಿದುದನ್ನು ಒತ್ತಿ ಚಿಕ್ಕದು ಮಾಡಿದರು. ಡಾಲ್ಬಿ ಡಿಜಿಟಲ್, ಡಿಟಿಎಸ್ ಎಂಬುವು ಇಂಥ ಒತ್ತುವ ಪದ್ಧತಿಗಳು. ತಿಕೋಟಾದ ಕಡೆಯವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಪಿಸಿಎಂ ಎಂದರೆ ಹಸಿ ದ್ರಾಕ್ಷಿ, ಡಾಲ್ಬಿ ಡಿಜಿಟಲ್ ಎಂದರೆ ಒಣದ್ರಾಕ್ಷಿ. ಒಂದು ಚೀಲದಲ್ಲಿ ಹೆಚ್ಚು ಹಿಡಿಯುತ್ತದೆ, ರುಚಿಯೂ ಇದೆ; ಆರಿಹೋದ ನೀರು ಮಾತ್ರ ತಿರುಗಿ ಬಾರದು. 2006ರಲ್ಲಿ ಬಂದ ಬ್ಲೂ-ರೇ ಡಿಸ್ಕಿನಲ್ಲಿ ಮೂರನೆಯ ಬಗೆಯೊಂದು ಸೇರಿತು: ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ. ಇವು ಮಡಿಸಿ ಪೆಟ್ಟಿಗೆಗಿಟ್ಟ ಇಳಕಲ್ಲ ಸೀರೆಯಂತೆ. ಬಿಚ್ಚಿದರೆ ಒಂದೆಳೆಯೂ ಕಡಿಮೆಯಿಲ್ಲದೆ ಇಡೀ ಸೀರೆ ಹೊರಬರುತ್ತದೆ.

ಡಾಲ್ಬಿ ಎಂದೊಡನೆ ಒಂದು ಮಾತು. ನಮ್ಮ ಕಡೆ ಗಣಪತಿಯ ಮೆರವಣಿಗೆಯಲ್ಲಿ ಎದೆ ನಡುಗಿಸುವ ಆಳೆತ್ತರದ ಸ್ಪೀಕರುಗಳಿಗೆ ‘ಡಾಲ್ಬಿ’ ಎಂದೇ ರೂಢಿಯ ಹೆಸರು. ರೇ ಡಾಲ್ಬಿ ಎಂಬ ಎಂಜಿನಿಯರು 1965ರಲ್ಲಿ ಲಂಡನ್ನಿನಲ್ಲಿ ಸಂಸ್ಥೆ ಕಟ್ಟಿದ್ದು ಟೇಪಿನ ಮೇಲಿನ ಸುಯ್ ಎಂಬ ಗದ್ದಲವನ್ನು ಅಡಗಿಸುವುದಕ್ಕಾಗಿ. ಗದ್ದಲ ಅಡಗಿಸಿದವನ ಹೆಸರು ಗದ್ದಲಕ್ಕೇ ಅಂಟಿಕೊಂಡಿತು! ಶಬ್ದಾರ್ಥ ಪಲ್ಲಟಕ್ಕೆ ತರಗತಿಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ವಿಷಯಕ್ಕೆ ಬರೋಣ. ಮಡಿಸಿದ್ದನ್ನು ಎಲ್ಲಿಯೋ ಒಂದೆಡೆ ಬಿಚ್ಚಲೇಬೇಕು. ಪ್ಲೇಯರು ಬಿಚ್ಚಬಹುದು, ಇಲ್ಲವೆ ಮಡಿಕೆಯನ್ನು ಹಾಗೆಯೇ ಕಳುಹಿಸಿ ಆಂಪ್ಲಿಫೈಯರಿನಿಂದ ಬಿಚ್ಚಿಸಬಹುದು. ಹೀಗೆ ಬಿಚ್ಚಿ ಹಂಚುವ ಆಂಪ್ಲಿಫೈಯರಿಗೆ ಅಂಗಡಿಯವರು ರಿಸೀವರ್ ಎನ್ನುತ್ತಾರೆ. ಯಾವ ತಂತಿ ಹಾಕಬೇಕು ಎಂಬ ಪ್ರಶ್ನೆಯ ತಿರುಳು ಇದೇ. ಬಿಚ್ಚುವವರು ಯಾರು ಎಂಬುದನ್ನು ಮೊದಲು ನಿಶ್ಚಯಿಸಬೇಕು. ತಂತಿ ಅದಕ್ಕೆ ತಕ್ಕಂತೆ ತಾನೇ ಗೊತ್ತಾಗುತ್ತದೆ. ನಿಶ್ಚಯಿಸದೆ ಸಿಕ್ಕಿಸಿದರೆ ಏನಾಗುವುದೆಂಬುದಕ್ಕೆ ನಾನು ಕಣ್ಣಾರೆ ಕಂಡ ಸಂಗತಿಯೊಂದನ್ನು ಹೇಳುತ್ತೇನೆ.

ವಿಜಯಪುರದಿಂದ ಪಡುವಣಕ್ಕೆ ಹೊರಟರೆ ಮೊದಲು ಸಿಕ್ಕುವುದು ತೊರವಿ. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ಊರು. ಸಂಗೀತದ ಹುಚ್ಚಿದ್ದ ಎರಡನೆಯ ಇಬ್ರಾಹಿಂ ಆದಿಲ್‌ಶಹನು ನವರಸಪುರವನ್ನು ಕಟ್ಟಹೊರಟದ್ದೂ ಅದೇ ನೆಲದಲ್ಲಿ. ಅವನ ಸಂಗೀತ ಮಹಲಿನ ಗೋಡೆಗಳು ಇನ್ನೂ ನಿಂತಿವೆ. ಅಲ್ಲಿಂದ ಮುಂದೆ ಕರಿನೆಲದ ನಡುವೆ ದ್ರಾಕ್ಷಿಯ ಚಪ್ಪರಗಳು ಕಾಣತೊಡಗಿದವೆಂದರೆ ತಿಕೋಟಾ ಬಂತು. ನನ್ನ ಅಕ್ಕನನ್ನು ಕೊಟ್ಟದ್ದು ಆ ಊರಿಗೆ. ಅಕ್ಕನ ಮಾವನವರಿಗೆ ಎಂಬತ್ತು ದಾಟಿದೆ. ಹೊಲ, ದ್ರಾಕ್ಷಿಯ ಪಡ ಎಲ್ಲವನ್ನೂ ಮಗನಿಗೆ ಒಪ್ಪಿಸಿ ಈಗ ಪಡಸಾಲೆಯಲ್ಲಿ ಕುಳಿತುಬಿಟ್ಟಿದ್ದಾರೆ. ಪುಣೆಯಲ್ಲಿ ನೌಕರಿಯಲ್ಲಿರುವ ಮೊಮ್ಮಗ ಅಜ್ಜನ ಹೊತ್ತು ಹೋಗಲೆಂದು ಡಿವಿಡಿ ಪ್ಲೇಯರೊಂದನ್ನು ತಂದು, ಮನೆಯಲ್ಲಿದ್ದ ಎರಡು ಸ್ಪೀಕರಿನ ಹಳೆಯ ಆಂಪ್ಲಿಫೈಯರಿಗೆ ಕೆಂಪು ಬಿಳಿಯ ತಂತಿಗಳಿಂದ ಜೋಡಿಸಿ ಹೋಗಿದ್ದ.

ನಾನು ಹೋದಾಗ ಮನೆಯಲ್ಲಿ ನಡೆದಿದ್ದ ಮಾತು ಬೇರೆ. ಅಜ್ಜನಿಗೆ ಕಿವಿ ಮಂದವಾಗಿದೆ, ಮಿರಜಿಗೆ ಕರೆದೊಯ್ದು ಯಂತ್ರ ಹಾಕಿಸಬೇಕು ಎಂದು. ಸಿನಿಮಾ ನೋಡುವಾಗ ಅವರು ಮತ್ತೆ ಮತ್ತೆ “ಏನಂದ್ಯಾ ಅಂವಾ? ಏನಂದ್ಯಾ?” ಎಂದು ಕೇಳುತ್ತಿದ್ದರಂತೆ. ಮಕ್ಕಳು ಧ್ವನಿ ಏರಿಸುತ್ತಿದ್ದರು, ಅಷ್ಟರಲ್ಲಿ ಹಾಡು ಬಂದು ಮನೆಯೆಲ್ಲ ಗದಗುಟ್ಟುತ್ತಿತ್ತು, ಮತ್ತೆ ಇಳಿಸುತ್ತಿದ್ದರು. ಕಡೆಗೆ ಅಜ್ಜ ಸಿನಿಮಾ ಹಚ್ಚಿದೊಡನೆ ಎದ್ದು ಹೊರಗೆ ಕಟ್ಟೆಗೆ ಹೋಗಿ ಕೂಡುವುದು ರೂಢಿಯಾಯಿತು. ಮನೆಯವರು ಅದನ್ನು ವಯಸ್ಸಿಗೆ ಲೆಕ್ಕ ಬರೆದರು.

ಅಜ್ಜ ಮಾತ್ರ ಒಪ್ಪಲಿಲ್ಲ. “ತಮ್ಮಾ, ಅಪ್ಪಾರ ಪ್ರವಚನ ಹಚ್ಚಿದ್ರ ಒಂದೊಂದ್ ಅಕ್ಷರಾ ಕೇಳ್ತೈತಿ. ಸಿನೆಮಾದ ಮಾತ ಕೇಳವಲ್ದು. ನನ್ನ ಕಿವಿ ಯಾರು ಮಾತಾಡಾಕತ್ತಾರ ಅಂತ ನೋಡಿ ಕೇಳತಾವೇನು?” ಎಂದರು.

ಅಪ್ಪಾರು ಎಂದರೆ 2023ರ ಜನವರಿ 2ರಂದು ದೇಹವಿಟ್ಟ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು. ಅವರ ಹುಟ್ಟೂರು ಬಿಜ್ಜರಗಿ ಈ ಸೀಮೆಯದೇ. ಅವರದು ಮೃದುವಾದ ದನಿ; ಎತ್ತರಿಸಿ ನುಡಿದವರಲ್ಲ. ಆ ದನಿ ಕೇಳುವ ಕಿವಿಗೆ ಚಿತ್ರದ ನಾಯಕನ ಅಬ್ಬರ ಕೇಳಿಸದೆಂದರೆ ದೋಷ ಕಿವಿಯಲ್ಲಿರಲಾರದು. ಅಜ್ಜನ ಆ ಒಂದು ಪ್ರಶ್ನೆಯಲ್ಲಿಯೇ ರೋಗದ ನಿದಾನ ಇತ್ತು.

ಪ್ರವಚನದ ಡಿಸ್ಕಿನಲ್ಲಿ ಇರುವುದು ಎಡ ಬಲ ಎರಡೇ ಧಾರೆ. ಚಿತ್ರದ ಡಿಸ್ಕಿನಲ್ಲಿ ಆರು. ಚಿತ್ರ ಮಾಡುವವರು ಪಾತ್ರಗಳ ಮಾತನ್ನು ಬಹುಮಟ್ಟಿಗೆ ನಡುವಿನ ಧಾರೆಯಲ್ಲಿ ಇಡುತ್ತಾರೆ. ಪರದೆಯ ನಡುವೆ ನಿಂತವನ ಮಾತು ನಡುವಿನಿಂದಲೇ ಬರಲಿ ಎಂದು. ಸಂಗೀತ ಎಡಬಲಗಳಲ್ಲಿ ಹರಡಿಕೊಂಡಿರುತ್ತದೆ. ಆ ಪ್ಲೇಯರಿನಲ್ಲಿ ಆರು ತೂತುಗಳ ಸಾಲು ಇತ್ತು. ಒಳಗಿನ ಹೊಂದಿಕೆಯಲ್ಲಿ ‘5.1’ ಎಂದು ಗುರುತು ಮಾಡಿತ್ತು. ಪ್ಲೇಯರು ಪ್ರಾಮಾಣಿಕವಾಗಿ ಆರನ್ನೂ ಬಿಡಿಬಿಡಿಯಾಗಿ ಬಿಚ್ಚಿ ಆರು ಬಾಗಿಲುಗಳಿಗೆ ಕಳುಹಿಸುತ್ತಿತ್ತು. ತಂತಿ ಇದ್ದದ್ದು ಎರಡಕ್ಕೆ. ಮಾತು ಮೂರನೆಯ ಬಾಗಿಲಿಗೆ ಬಂದು, ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲಿಯೇ ನಿಂತಿತ್ತು! ಎಡಬಲಗಳಲ್ಲಿ ಅದರ ನೆರಳಿನಷ್ಟು ಪ್ರತಿಧ್ವನಿ ಸೇರಿದ್ದುದರಿಂದ ಎಳೆಯ ಕಿವಿಯವರು ಊಹೆಯಿಂದ ಹೊಂದಿಸಿಕೊಳ್ಳುತ್ತಿದ್ದರು. ಎಂಬತ್ತರ ಕಿವಿಗೆ ಆ ಅನುಕೂಲವಿರಲಿಲ್ಲ.

ರಿಮೋಟು ತೆಗೆದುಕೊಂಡು ಧ್ವನಿಯ ಹೊಂದಿಕೆಯಲ್ಲಿ ‘5.1’ ತೆಗೆದು ‘2 ಚಾನೆಲ್’ ಎಂದು ಮಾಡಿದೆ. ಕೆಲವು ಪ್ಲೇಯರುಗಳಲ್ಲಿ ಇದಕ್ಕೆ ‘ಡೌನ್‌ಮಿಕ್ಸ್’ ಎಂಬ ಹೆಸರಿದೆ. ಆಗ ನಡುವಿನ ಧಾರೆ ಸ್ವಲ್ಪ ತಗ್ಗಿ ಎಡಬಲಗಳೆರಡಕ್ಕೂ ಸಮನಾಗಿ ಹಂಚಿಹೋಗುತ್ತದೆ. ಅಜ್ಜ ಆ ಹೊತ್ತಿಗೆ ಕಟ್ಟೆಯ ಮೇಲಿದ್ದರು. ಅಲ್ಲಿಂದಲೇ ಕೂಗಿದರು: “ಈಗ ನೋಡು ಮಂದಿ ಮಾತಾಡಾಕ್ ಹತ್ತಿದ್ರು.” ಖರ್ಚಾದದ್ದು ಒಂದು ಪೈಸೆಯೂ ಅಲ್ಲ. ಮಿರಜಿನ ಪ್ರಯಾಣ ನಿಂತಿತು. ವಯಸ್ಸಾದವರಿಗೆ ಕಿವಿ ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಕಿವಿಗಿಂತ ಮುಂಚೆ ತಂತಿಯನ್ನು ಪರೀಕ್ಷಿಸುವುದು ಅಗ್ಗ ಎನ್ನುತ್ತೇನೆ.

ಹಾಗಾದರೆ ಎರಡು ತಂತಿಯ ಜೋಡಣೆ ಕೀಳೆ? ಎಂದಿಗೂ ಅಲ್ಲ. ಸಿಡಿ, ವಿಸಿಡಿಗಳಲ್ಲಿ ಇರುವುದೇ ಎರಡು ಧಾರೆ. 1972ರ ‘ಬಂಗಾರದ ಮನುಷ್ಯ’ದ ಕಾಲದ ಚಿತ್ರಗಳಿಗಂತೂ ಮೂಲದಲ್ಲಿ ಇದ್ದದ್ದು ಒಂದೇ ಧಾರೆ. ಮಲ್ಲಿಕಾರ್ಜುನ ಮನಸೂರರ ಸಿಡಿಯನ್ನು ಕೇಳಬೇಕೆನ್ನುವವನು ಎರಡು ಒಳ್ಳೆಯ ಸ್ಪೀಕರುಗಳಿಗೆ ಹಣ ಹಾಕಲಿ. ಉಳಿದ ನಾಲ್ಕು ಬಾಗಿಲು ಮುಚ್ಚಿದ್ದರೆ ಅವನಿಗೇನು ನಷ್ಟ?

ವಿಜಯಪುರದ ನೈರುತ್ಯಕ್ಕಿರುವ ಬಬಲೇಶ್ವರದಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಮನೆಯ ಸಮಸ್ಯೆ ಇದಕ್ಕೆ ತದ್ವಿರುದ್ಧ. ಅವರಲ್ಲಿ ಐದು ಸ್ಪೀಕರುಗಳೂ ಇವೆ, ಮಂಚದಡಿಯಲ್ಲಿ ಕೆಳದನಿಯ ಡಬ್ಬವೂ ಇದೆ. ರಿಸೀವರು ಹಳೆಯದು, ಎಚ್‌ಡಿಎಂಐ ಬಾಯಿಲ್ಲ, ಆಪ್ಟಿಕಲ್ ಮತ್ತು ಕೋಆಕ್ಸಿಯಲ್ ಇವೆ. ಹೊಸ ಬ್ಲೂ-ರೇ ಪ್ಲೇಯರನ್ನು ತಂತಿಯಿಂದ ಜೋಡಿಸಿದರೆ ಹಿಂದಿನ ಸ್ಪೀಕರುಗಳು ಮೌನವ್ರತ ಹಿಡಿದವು. ಪ್ಲೇಯರು ‘ಪಿಸಿಎಂ’ ಎಂಬ ಹೊಂದಿಕೆಯಲ್ಲಿತ್ತು, ಎಂದರೆ ಎಲ್ಲವನ್ನೂ ತಾನೇ ಬಿಚ್ಚುತ್ತಿತ್ತು. ಸೋನಿ, ಫಿಲಿಪ್ಸ್ ಕಂಪನಿಗಳು ಸಿಡಿಯ ಕಾಲದಲ್ಲಿ ರೂಪಿಸಿದ ಈ ಡಿಜಿಟಲ್ ದಾರಿಯಲ್ಲಿ ಬಿಚ್ಚಿದ ಧಾರೆ ಎರಡು ಮಾತ್ರ ಸಾಗಬಲ್ಲವು. ಮಡಿಸಿದ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಆದರೆ ಆರೂ ಸಾಗುತ್ತವೆ. ‘ಬಿಟ್‌ಸ್ಟ್ರೀಮ್’ ಎಂದು ಬದಲಾಯಿಸಿದೊಡನೆ ಹಿಂದಿನಿಂದ ಮಳೆ ಸುರಿಯತೊಡಗಿತು. ಚಿತ್ರದಲ್ಲಿ ಮಳೆಯ ದೃಶ್ಯ ನಡೆದಿತ್ತು. ಟ್ರೂಎಚ್‌ಡಿ ಮುಂತಾದ ಇಳಕಲ್ಲ ಸೀರೆಗಳು ಈ ಕಿರಿದಾದ ದಾರಿಯಲ್ಲಿ ಹಾಯಲಾರವು. ಆದರೆ ಬ್ಲೂ-ರೇ ಡಿಸ್ಕಿನಲ್ಲಿ ಅವುಗಳ ಜೊತೆಗೇ ಹಳೆಯ ಬಗೆಯ ಡಾಲ್ಬಿ ಇಲ್ಲವೆ ಡಿಟಿಎಸ್ ಧ್ವನಿಯನ್ನೂ ಇಟ್ಟಿರುವುದರಿಂದ ಹಳೆಯ ರಿಸೀವರಿನವರು ಉಪವಾಸ ಬೀಳುವುದಿಲ್ಲ. ಇದಕ್ಕಾಗಿ ಹೊಸ ರಿಸೀವರು ಕೊಳ್ಳುವ ಅವಸರ ಬೇಡವೆಂದು ಅವರಿಗೆ ಹೇಳಿದೆ.

ಆಪ್ಟಿಕಲ್ಲೋ ಕೋಆಕ್ಸಿಯಲ್ಲೋ ಎಂಬ ಜಗಳ ಅಂಗಡಿಗಳಲ್ಲಿ ಬಹಳ. ಇಬ್ಬರೂ ಹೊರುವ ಹೊರೆ ನಮ್ಮ ಮಟ್ಟಿಗೆ ಒಂದೇ. ಕೋಆಕ್ಸಿಯಲ್ ಗಟ್ಟಿಮುಟ್ಟು, ಬಾಗಿಸಿದರೂ ತಡೆಯುತ್ತದೆ. ಆಪ್ಟಿಕಲ್ ತಂತಿಯಲ್ಲಿ ಲೋಹವೇ ಇಲ್ಲ, ಬೆಳಕು ಹರಿಯುವ ಪ್ಲಾಸ್ಟಿಕ್ ಎಳೆ; ಮಡಚಿ ಮುರಿದರೆ ಮುಗಿಯಿತು. ಆದರೆ ಅದಕ್ಕೊಂದು ಗುಣವುಂಟು. ಡಿಶ್ಶಿನ ತಂತಿ, ಟಿ.ವಿ., ಆಂಪ್ಲಿಫೈಯರು ಬೇರೆ ಬೇರೆ ಕಡೆ ಅರ್ಥಿಂಗ್ ಆದಾಗ ಸ್ಪೀಕರಿನಲ್ಲಿ ‘ಗುಂಯ್’ ಎಂಬ ಒಂದೇ ಸಮನೆಯ ನಾದ ಕೇಳುವುದುಂಟಷ್ಟೆ. ಅದು ಲೋಹದ ತಂತಿಯನ್ನು ಹಿಡಿದು ಬರುವ ಕರೆಂಟಿನ ಗುಂಗು. ಬೆಳಕಿನ ತಂತಿಯಲ್ಲಿ ಅದಕ್ಕೆ ಪ್ರವೇಶವಿಲ್ಲ. ಅಂಥ ಗುಂಗು ಇರುವ ಮನೆಯಲ್ಲಿ ನಾನು ಕಣ್ಣುಮುಚ್ಚಿ ಆಪ್ಟಿಕಲ್ ಹಾಕೆನ್ನುತ್ತೇನೆ.

ವಿಜಯಪುರ ನಗರದ ಹೊಸ ಬಡಾವಣೆಗಳ ಮನೆಗಳಲ್ಲಿ ಈ ತಾಪತ್ರಯ ಕಡಿಮೆ. ಅಲ್ಲಿ ಎಲ್ಲದಕ್ಕೂ ಎಚ್‌ಡಿಎಂಐ. 2002ರ ಕೊನೆಗೆ ಹುಟ್ಟಿದ ಈ ತಂತಿ ಚಿತ್ರವನ್ನೂ ಎಂಟು ಬಿಚ್ಚಿದ ಧಾರೆಗಳನ್ನೂ ಒಟ್ಟಿಗೆ ಹೊರುತ್ತದೆ. 2006ರ ತಿದ್ದುಪಡಿಯ ಮೇಲೆ ಟ್ರೂಎಚ್‌ಡಿಯ ಮಡಿಕೆಯನ್ನೂ ಹಾಗೆಯೇ ಸಾಗಿಸಬಲ್ಲದು. ಇಲ್ಲಿ ಯಾರು ಬಿಚ್ಚಿದರೂ ಒಂದೇ. ತಲೆಯ ಮೇಲಿನಿಂದಲೂ ದನಿ ಬರಿಸುವ ಡಾಲ್ಬಿ ಅಟ್ಮಾಸ್ ಬೇಕೆಂದರೆ ಮಾತ್ರ ಮಡಿಕೆಯನ್ನು ಬಿಚ್ಚದೆ ರಿಸೀವರಿಗೇ ಒಪ್ಪಿಸಬೇಕು.

ಅವರು ಎಡವುವುದು ದಾರಿಯ ಕ್ರಮದಲ್ಲಿ. ಪ್ಲೇಯರನ್ನು ಟಿ.ವಿ.ಗೆ ಕೊಟ್ಟು, ಟಿ.ವಿ.ಯಿಂದ ಸೌಂಡ್‌ಬಾರಿಗೋ ರಿಸೀವರಿಗೋ ಧ್ವನಿಯನ್ನು ತಿರುಗಿ ಎಳೆಯುತ್ತಾರೆ. ಹೀಗೆ ತಿರುಗಿ ಬರುವ ದಾರಿಗೆ ಎಆರ್‌ಸಿ ಎಂದು ಹೆಸರು. 2009ರ ಈ ಪದ್ಧತಿಯ ದಾರಿ ಆಪ್ಟಿಕಲ್‌ನಷ್ಟೇ ಕಿರಿದು. 2017ರ ಇಎಆರ್‌ಸಿ ಬಂದ ಮೇಲೆ ಅಗಲವಾಯಿತು. ಡಿಟಿಎಸ್ಸನ್ನು ದಾಟಿಸದ ಟಿ.ವಿ.ಗಳೂ ಇವೆ, ಹೊರಗಿನಿಂದ ಬಂದುದನ್ನೆಲ್ಲ ಎರಡೇ ಧಾರೆಗೆ ಇಳಿಸಿ ಆಪ್ಟಿಕಲ್ಲಿಗೆ ಕೊಡುವ ಹಳೆಯ ಟಿ.ವಿ.ಗಳೂ ಇವೆ. ರಿಸೀವರಿನಲ್ಲಿ ಎಚ್‌ಡಿಎಂಐ ಒಳಬಾಯಿ ಇದ್ದರೆ ಪ್ಲೇಯರು ನೇರವಾಗಿ ಅಲ್ಲಿಗೆ ಹೋಗಲಿ. ರಿಸೀವರಿನಿಂದ ಚಿತ್ರ ಟಿ.ವಿ.ಗೆ ಹೋಗಲಿ. ತೋಟಕ್ಕೆ ಬರುವ ನೀರನ್ನು ಊರ ಸುತ್ತಿಸಿ ತರುವವರುಂಟೆ?

ತಂತಿಯ ಬೆಲೆಯ ಮಾತು. ಚಿನ್ನದ ಲೇಪವೆಂದು ಸಾವಿರಾರು ರೂಪಾಯಿಯ ಎಚ್‌ಡಿಎಂಐ ತಂತಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಮಾರುತ್ತಾರೆ. ಡಿಜಿಟಲ್ ತಂತಿಯಲ್ಲಿ ಹರಿಯುವುದು ಅಂಕಿಗಳು. ತಲುಪಿದರೆ ಪೂರ್ತಿ ತಲುಪುತ್ತವೆ. ತಲುಪದಿದ್ದರೆ ಧ್ವನಿ ಕತ್ತರಿಸುತ್ತದೆ, ಚಿತ್ರದಲ್ಲಿ ಚುಕ್ಕೆ ಏಳುತ್ತದೆ. ತಂತಿ ದುಬಾರಿಯಾದರೆ ಗಾಯಕನ ಕಂಠ ಇಂಪಾಗದು. ಉದ್ದ ಕಡಿಮೆಯಿರಲಿ, ತುದಿ ಬಿಗಿಯಾಗಿ ಕೂಡಲಿ, ಅಷ್ಟು ಸಾಕು. ಉಳಿದ ಹಣಕ್ಕೆ ನಡುವಿನ ಸ್ಪೀಕರನ್ನು ಒಳ್ಳೆಯದು ತರಬಹುದು. ಮಾತೆಲ್ಲ ಅದರ ಪಾಲಿನದು.

ತುಟಿ ಒಂದು, ಮಾತು ಒಂದು ಆಗುವುದೂ ಉಂಟು. ಈಗಿನ ಟಿ.ವಿ.ಗಳು ಚಿತ್ರವನ್ನು ತಿದ್ದಿ ತೀಡಿ ತೋರಿಸಲು ಕ್ಷಣಾಂಶ ತೆಗೆದುಕೊಳ್ಳುತ್ತವೆ. ಧ್ವನಿ ಮೊದಲೇ ಬಂದುಬಿಡುತ್ತದೆ. ರಿಸೀವರಿನಲ್ಲಿ ಧ್ವನಿಯನ್ನು ತಡೆದು ಬಿಡುವ ಹೊಂದಿಕೆ ಇರುತ್ತದೆ. ನಾಯಕಿ ಬಾಯಿ ಮುಚ್ಚಿದಾಗ ಮಾತೂ ನಿಲ್ಲುವವರೆಗೆ ಅದನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹೋದರಾಯಿತು.

ಇಷ್ಟೆಲ್ಲ ಸರಿಮಾಡಿದ ಮೇಲೂ ಮಾತು ಮಸುಕಾಗಿಯೇ ಇದ್ದರೆ ಮನೆಯನ್ನು ನೋಡಬೇಕು. ಹಳೆಯ ಮಾಳಿಗೆಮನೆಯ ಮಣ್ಣಿನ ಗೋಡೆ ಧ್ವನಿಯನ್ನು ಒಂದಿಷ್ಟು ಕುಡಿದುಕೊಳ್ಳುತ್ತಿತ್ತು. ಈಗಿನ ಆರ್‌ಸಿಸಿ ಕೋಣೆಯಲ್ಲಿ ಕೆಳಗೆ ನುಣುಪಾದ ಟೈಲ್ಸು, ಸುತ್ತ ಬರಿಗೋಡೆ. ಪ್ರತಿಯೊಂದು ಅಕ್ಷರವೂ ಹತ್ತಾರು ಸಲ ಪುಟಿಯುತ್ತದೆ. ನೆಲಕ್ಕೊಂದು ದಪ್ಪನೆಯ ಜಮಖಾನ ಹಾಸಿ, ಸ್ಪೀಕರಿಗೆ ಎದುರಾದ ಗೋಡೆಗೆ ಅಜ್ಜಿ ಹೊಲಿದ ಕೌದಿಯೊಂದನ್ನು ತೂಗುಹಾಕಿ ನೋಡಿ. ಬಬಲೇಶ್ವರದ ಮಿತ್ರರು ಹಾಗೆ ಮಾಡಿದ್ದಾರೆ. ಮಾತು ಬಿಡಿಬಿಡಿಯಾಗಿ ಕೇಳತೊಡಗಿದೆ. ಚಳಿಗಾಲದಲ್ಲಿ ಕೌದಿ ಗೋಡೆಗೋ ಮೈಗೋ ಎಂಬುದೊಂದು ಮನೆಯೊಳಗೆ ಇನ್ನೂ ಇತ್ಯರ್ಥವಾಗಬೇಕಾಗಿದೆ.